‘ಈ ವಾರ ತೂಕ ಎಷ್ಟು?’: ಮೆಸೇಜಿನ ಜೊತೆ ಆರು ತಿಂಗಳು

ನಾನು ಟೈಲರ್. ದಾವಣಗೆರೆಯಲ್ಲಿ ನಮ್ಮ ಮನೆಯ ಮುಂದಿನ ರೂಮಿನಲ್ಲೇ ಹದಿನಾರು ವರ್ಷದಿಂದ ಬ್ಲೌಸು, ಚೂಡಿದಾರ ಹೊಲಿಯುತ್ತಿದ್ದೇನೆ. ಕುತ್ತಿಗೆಯಲ್ಲಿ ಸದಾ ಟೇಪು. ಊರಿನ ಎಷ್ಟೋ ಹೆಂಗಸರ ಸೊಂಟದ ಅಳತೆ ನನ್ನ ಪುಸ್ತಕದಲ್ಲಿದೆ. ನನ್ನದು ಮಾತ್ರ ಇರಲಿಲ್ಲ.

2025ರ ಜೂನ್‌ನಲ್ಲಿ ಡಾಕ್ಟರ ಹತ್ತಿರ ಹೋಗಿದ್ದು ಮಂಡಿ ನೋವಿಗೆ, ತೂಕಕ್ಕಲ್ಲ. ನಮ್ಮದು ದೊಡ್ಡಾಸ್ಪತ್ರೆ ಏನಲ್ಲ. ಅತ್ತೆಯ ಬಿಪಿಯಿಂದ ಹಿಡಿದು ಮಗನ ಜ್ವರದವರೆಗೆ ಎಲ್ಲಾ ನೋಡುವ ಫ್ಯಾಮಿಲಿ ಡಾಕ್ಟರ್ ಮೇಡಂ, ಒಬ್ಬರು ಸಿಸ್ಟರ್, ಎರಡು ಬೆಂಚು. ತೂಕದ ಮಷಿನ್ನು ಬೆಂಚಿನ ಎದುರಿಗೇ ಇದೆ. ಸಿಸ್ಟರ್ ಜೋರಾಗಿ ‘ಎಪ್ಪತ್ತೆಂಟು ಪಾಯಿಂಟ್ ನಾಲ್ಕು’ ಅಂದರು. ಬೆಂಚಿನಲ್ಲಿ ನನ್ನ ಗಿರಾಕಿ ಒಬ್ಬಳು ಕೂತಿದ್ದಳು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಎತ್ತರ 154 ಸೆಂಟಿಮೀಟರ್. ಬಿಎಂಐ, ಅಂದರೆ ಎತ್ತರಕ್ಕೆ ಎಷ್ಟು ತೂಕ ಅನ್ನುವ ಲೆಕ್ಕ, 33. ‘ಎಷ್ಟಿರಬೇಕು ಮೇಡಂ?’ ಅಂದೆ. ಹೊರದೇಶದವರಿಗೆ 30 ದಾಟಿದರೆ ಬೊಜ್ಜು ಅಂತಾರೆ, ನಮ್ಮ ಭಾರತದವರಿಗೆ 25ಕ್ಕೇ ಆ ಗೆರೆ ಹಾಕಿದ್ದಾರೆ ಅಂದರು. ನಮ್ಮ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಬೇಗ ಸೇರುತ್ತದಂತೆ, ಸಕ್ಕರೆ ಕಾಯಿಲೆಯೂ ಕಡಿಮೆ ತೂಕಕ್ಕೇ ಬರುತ್ತದಂತೆ. ಸೊಂಟ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90ರ ಒಳಗಿರಬೇಕು. 80 ಅಂದರೆ ನಮ್ಮ ಟೇಪಿನಲ್ಲಿ ಮೂವತ್ತೊಂದೂವರೆ ಇಂಚು. ಮನೆಗೆ ಬಂದು ಬಾಗಿಲು ಹಾಕಿಕೊಂಡು ನನ್ನದೇ ಟೇಪಿನಲ್ಲಿ ಅಳೆದುಕೊಂಡೆ. ಮೂವತ್ತೆಂಟೂಕಾಲು. ಎರಡನೇ ಸಲವೂ ಅಷ್ಟೇ ಬಂತು.

ಒಂದು ಕಾಲದಲ್ಲಿ ನಾನು ದಿನವಿಡೀ ಮಷಿನ್ ತುಳಿಯುತ್ತಿದ್ದೆ. ಐದು ವರ್ಷದ ಹಿಂದೆ ಮೋಟಾರ್ ಹಾಕಿಸಿದೆ. ಆಮೇಲೆ ಕಾಲಿಗೆ ಕೆಲಸವೇ ಇಲ್ಲ. ಸಂಜೆ ಆಯಿತು ಅಂದರೆ ಮಂಡಕ್ಕಿ ಮೆಣಸಿನಕಾಯಿ. ದಾವಣಗೆರೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ರಕ್ತ ಪರೀಕ್ಷೆಗೆ 1,850 ರೂಪಾಯಿ ಆಯಿತು. ಥೈರಾಯ್ಡ್ ಸರಿ ಇತ್ತು. (ನನಗೆ ಒಳಗೊಳಗೇ ಬೇಜಾರಾಯಿತು. ಥೈರಾಯ್ಡ್ ಮೇಲೆ ಹಾಕಿ ಕೂತುಬಿಡಬಹುದಿತ್ತು.) ಮೂರು ತಿಂಗಳ ಸರಾಸರಿ ಸಕ್ಕರೆ, ಎಚ್‌ಬಿಎ1ಸಿ, 6.1. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಅಂತ ಅರ್ಥ. ನಮ್ಮಮ್ಮ ಸಕ್ಕರೆಯಿಂದಲೇ ಕಣ್ಣು ಮಂಜಾಗಿ ಹೋದವಳು. ಆ ಕಾಗದ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇಲ್ಲೊಂದು ಮಾತು: ಬರೀ ಬಿಪಿ, ಸಕ್ಕರೆ, ತೂಕ ನೋಡಿಸಬೇಕು ಅಂದರೆ ದುಡ್ಡು ಕೊಡಬೇಕಿಲ್ಲ. 30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಕ್ಲಿನಿಕ್‌ನಲ್ಲಿ ಉಚಿತವಾಗಿ ನೋಡುತ್ತಾರೆ. ನನಗೆ ಇದು ಆಮೇಲೆ ಗೊತ್ತಾಯಿತು.

ಗಿರಾಕಿಗಳು ಹೇಳುತ್ತಿದ್ದ ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಕೇಳಿದೆ. ಮೌಂಜಾರೋ ನಮ್ಮ ದೇಶಕ್ಕೆ ಬಂದು ಆಗ ಮೂರೇ ತಿಂಗಳಾಗಿತ್ತು. ‘ಬೇಕಾದವರಿಗೆ ಬೇಕು. ನಿನಗೆ ಈಗಲೇ ಬೇಡಮ್ಮ, ಖರ್ಚೂ ನಿನ್ನ ಕೈಗೆ ಎಟಕಲ್ಲ. ಮೊದಲು ನಾಲ್ಕು ಕೆಜಿ ಇಳಿಸು, ಮಂಡಿಗೆ, ಸಕ್ಕರೆಗೆ ಎರಡಕ್ಕೂ ಅನುಕೂಲ’ ಅಂದರು. ನಾಲ್ಕೇ ಕೆಜಿಯಾ ಅಂತ ಖುಷಿಯಾಯಿತು. ನಾಲ್ಕು ಅಂದರೆ ಎಷ್ಟು ಅಂತ ಆಗ ಗೊತ್ತಿರಲಿಲ್ಲ.

ಆಮೇಲೆ ಮೇಡಂ ಒಂದು ಫಾರಂ ಕೊಟ್ಟರು. ತೂಕ ಇಳಿಸೋರಿಗೆ ಕ್ಲಿನಿಕ್ಕಿನಿಂದ ವಾರಕ್ಕೆ ಮೂರು ಮೆಸೇಜು. ಸೋಮವಾರ ಬೆಳಿಗ್ಗೆ ತೂಕ ಕೇಳುತ್ತಾರೆ, ನಾವು ಉತ್ತರ ಕಳಿಸಬೇಕು. ಬುಧವಾರ, ಶುಕ್ರವಾರ ಊಟ, ನಡಿಗೆಯ ಬಗ್ಗೆ ಒಂದು ಮಾತು. ತಿಂಗಳಿಗೊಮ್ಮೆ ಕ್ಲಿನಿಕ್ಕಿಗೆ ಬರಬೇಕು. ಆರು ತಿಂಗಳಿಗೆ 600 ರೂಪಾಯಿ.

‘ವಾಟ್ಸಾಪ್ ಮಾಡಬಹುದಲ್ಲಾ ಮೇಡಂ’ ಅಂದೆ. ಅವರು ನಕ್ಕರು. ಅರ್ಧ ಜನರ ಹತ್ತಿರ ಸಣ್ಣ ಫೋನು. ಉಳಿದವರ ವಾಟ್ಸಾಪ್‌ನಲ್ಲಿ ಶುಭೋದಯದ ಹೂವುಗಳ ಕೆಳಗೆ ಡಾಕ್ಟರ ಮಾತು ಹೂತುಹೋಗುತ್ತದೆ. ನೆಟ್ ಇಲ್ಲದಿದ್ದರೂ ಬರೋದು ಎಸ್ಸೆಮ್ಮೆಸ್ಸೇ.

ಮೆಸೇಜಿಗೆ ತೂಕ ಇಳಿಯುತ್ತಾ ಅಂತ ನನಗೆ ಅನುಮಾನ. ಚೆನ್ನೈನ ಡಾಕ್ಟರ್ ಎ. ರಾಮಚಂದ್ರನ್ ಅವರ ತಂಡದ ಒಂದು ಅಧ್ಯಯನದ ಬಗ್ಗೆ ಮೇಡಂ ಹೇಳಿದರು. 2013ರಲ್ಲಿ ಪ್ರಕಟವಾಗಿದ್ದು. ನನ್ನ ಹಾಗೆ ಸಕ್ಕರೆಯ ಹೊಸ್ತಿಲಲ್ಲಿದ್ದ 537 ಗಂಡಸರು. ಎಲ್ಲರಿಗೂ ಊಟ, ವ್ಯಾಯಾಮದ ಬುದ್ಧಿಮಾತು ಹೇಳಿ, ಸುಮಾರು ಅರ್ಧ ಜನಕ್ಕೆ ಮಾತ್ರ ಎರಡು ವರ್ಷ ಮೆಸೇಜ್ ಕಳಿಸುತ್ತಾ ಹೋದರು. ಮೆಸೇಜ್ ಬಂದವರಲ್ಲಿ ನೂರಕ್ಕೆ 18 ಜನರಿಗೆ ಸಕ್ಕರೆ ಕಾಯಿಲೆ ಬಂತು, ಬರದವರಲ್ಲಿ 27 ಜನರಿಗೆ. ಹೆಂಗಸರನ್ನು ಯಾಕೆ ಬಿಟ್ಟರು ಮೇಡಂ ಅಂತ ಕೇಳಿದೆ. ‘ಅದಕ್ಕೇ ನಿನ್ನನ್ನು ಸೇರಿಸಿಕೊಳ್ತಿದೀನಲ್ಲ’ ಅಂದರು.

ಫಾರಂನಲ್ಲಿ ನಾಲ್ಕು ಪ್ರಶ್ನೆ. ಯಾವ ನಂಬರ್, ಯಾವ ಭಾಷೆ, ಎಷ್ಟು ಹೊತ್ತಿಗೆ, ಈ ಫೋನನ್ನು ಬೇರೆ ಯಾರು ನೋಡುತ್ತಾರೆ. ಕೊನೆಯದನ್ನು ಖಾಲಿ ಬಿಟ್ಟೆ. ನೀವು ಬಿಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸಹಿ ಹಾಕಿ, 1,150 ಕೊಟ್ಟು ತೂಕದ ಮಷಿನ್ನು ತಂದು, ಸೋಮವಾರಕ್ಕೆ ಕಾದೆ. ಮೆಸೇಜ್ ಬರಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ದುಡ್ಡು ತಗೊಂಡು ಸುಮ್ಮನಾದರು ಅಂತ ಸಿಟ್ಟು ಬಂತು. ಹೋಗಿ ಕೇಳಿದರೆ ಸಿಸ್ಟರ್ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಕಳಿಸಿದ್ದಾರೆ! ತಲುಪಿಲ್ಲ.

ಕಾರಣ ಹುಡುಕಲು ಇನ್ನೊಂದು ವಾರ ಹೋಯಿತು. ನಮ್ಮನೆಯವರು ಯಾವಾಗಲೋ ಲೋನ್, ಸೈಟಿನ ಜಾಹೀರಾತು ಕಾಟಕ್ಕೆ ನನ್ನ ನಂಬರಿಗೆ ಪ್ರಚಾರದ ಕರೆ, ಮೆಸೇಜು ತಡೆಯುವ ಪೂರ್ತಿ ಡಿಎನ್‌ಡಿ ಹಾಕಿಸಿದ್ದರು. ಸಂಸ್ಥೆಗಳು ಹೀಗೆ ಮೆಸೇಜ್ ಕಳಿಸಬೇಕಾದರೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಡಿಎಲ್‌ಟಿ ಅನ್ನುವ ಫೋನ್ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ ತಮ್ಮ ಹೆಸರು, ಮೆಸೇಜಿನ ಒಕ್ಕಣೆ ಎರಡನ್ನೂ ಮೊದಲೇ ನೋಂದಾಯಿಸಬೇಕು. ಒಂದು ಪದ ಬದಲಾದರೂ ಮತ್ತೆ ಒಪ್ಪಿಗೆ ಬೇಕು. ನಮ್ಮ ಕ್ಲಿನಿಕ್ಕಿನವರು ಒಕ್ಕಣೆಯನ್ನು ಪ್ರಚಾರದ ವಿಭಾಗದಲ್ಲಿ ಹಾಕಿಬಿಟ್ಟಿದ್ದರು. ಸೈಟು ಮಾರೋರ ಜೊತೆ ನಮ್ಮ ಮೇಡಂ ಕೂಡ ಬಾಗಿಲ ಹೊರಗೆ ನಿಂತಿದ್ದರು, ಅಷ್ಟೆ.

ನಿಮಗೂ ಹೀಗಾದರೆ ಎರಡು ದಾರಿ. ಕ್ಲಿನಿಕ್ಕಿನವರಿಗೆ ಹೇಳಿ ಸೇವೆಯ ವಿಭಾಗಕ್ಕೆ ಬದಲಾಯಿಸಿಕೊಳ್ಳಲು ಹೇಳಿ, ಅದೇ ಸರಿಯಾದ ದಾರಿ. ಅಲ್ಲಿಯವರೆಗೆ 1909ಕ್ಕೆ ಫೋನ್ ಮಾಡಿ ಆರೋಗ್ಯದ ವಿಭಾಗ ಒಂದನ್ನು ಮಾತ್ರ ಬಿಡಿಸಿಕೊಳ್ಳಬಹುದು, ಅದರ ಸಂಖ್ಯೆ 4. ನಾನು ಗಡಿಬಿಡಿಯಲ್ಲಿ ಎಲ್ಲವನ್ನೂ ತೆಗೆಸಿ, ಒಂದೇ ದಿನದಲ್ಲಿ ಸೈಟು, ಸಾಲ, ಹತ್ತು ದಿನದಲ್ಲಿ ಹತ್ತು ಕೆಜಿ ಇಳಿಸುವ ಪುಡಿ, ಎಲ್ಲದರ ಮೆಸೇಜೂ ಪಡೆದೆ. ಆ ಪುಡಿಯ ಲಿಂಕ್ ಒತ್ತಬೇಡಿ. ನಮ್ಮ ಕ್ಲಿನಿಕ್ಕಿನ ಮೆಸೇಜಿನಲ್ಲಿ ಲಿಂಕೇ ಇರುವುದಿಲ್ಲ. ಕಳಿಸಿದವರ ಹೆಸರಿನ ಕೊನೆಗೆ ಅಡ್ಡಗೆರೆಯ ಆಚೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ ನೋಡಿ. ಪಿ ಇದ್ದರೆ ಪ್ರಚಾರ, ಎಸ್ ಇದ್ದರೆ ಸೇವೆ, ಜಿ ಇದ್ದರೆ ಸರ್ಕಾರದ್ದು.

ಅಂತೂ ಜುಲೈ ಎರಡನೇ ವಾರ ಮೊದಲ ಮೆಸೇಜ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ‘ಊಟ’ವನ್ನು ‘ಊಟಾ’, ‘ಹುಟಾ’ ಅಂತ ಒದ್ದಾಡಿ ಓದಿದೆ. ಫಾರಂನಲ್ಲಿ ಕನ್ನಡ ಅಂತ ಬರೆದಿದ್ದೆನಲ್ಲಾ ಅಂತ ಸಿಸ್ಟರನ್ನು ಕೇಳಿದರೆ ಹೊಸ ವಿಷಯ ಹೊರಬಿತ್ತು. ಇಂಗ್ಲಿಷ್‌ನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಕೊಂಬು, ಇಳಿ, ಒತ್ತು ಎಲ್ಲಾ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಫೋನಿಗೆ ಆರು! 70 ದಾಟಿದರೆ ಎರಡು ಮೆಸೇಜಿನ ದುಡ್ಡು. ಅದಕ್ಕೇ ಮೆಸೇಜ್ ಕಂಪನಿಯವನು ಉಳಿತಾಯ ಮಾಡಿದ್ದ.

ನಾನೊಬ್ಬಳೇ ಅಲ್ಲ, ಇನ್ನೂ ನಾಲ್ಕೈದು ಜನ ಗಲಾಟೆ ಮಾಡಿದ ಮೇಲೆ ಮೇಡಂ ತಾವೇ ಕೂತು ಎಪ್ಪತ್ತರ ಒಳಗೆ ಬರೆದರು. ನಿಜ ಹೇಳಬೇಕೆಂದರೆ ಈ ಕಟ್ಟುಪಾಡಿನಿಂದ ಒಳ್ಳೆಯದೇ ಆಯಿತು. ಮೊದಲಿನದರಲ್ಲಿ ಪೌಷ್ಟಿಕಾಂಶ, ಸಮತೋಲನ ಅಂತೆಲ್ಲಾ ಇತ್ತು. ಈಗ ಬಂದಿದ್ದು ಹೀಗೆ: ‘ಸಂಜೆ ಹಸಿವಾಯ್ತಾ? ಮೊದಲು ಒಂದು ಲೋಟ ನೀರು. ಆಮೇಲೆ ಹುರಿಗಡಲೆ.’ ಮೇಡಂ ಎದುರಿಗೆ ಕೂತು ಹೇಳಿದ ಹಾಗೇ ಇತ್ತು.

ಇನ್ನು ಉತ್ತರ ಕಳಿಸುವ ಕಥೆ. ಸೋಮವಾರ ಏಳೂವರೆಗೆ ‘ಈ ವಾರ ತೂಕ ಎಷ್ಟು?’ ಬಂತು. ‘77.8’ ಅಂತ ಒತ್ತಿ ಕಳಿಸಿದೆ. ಹೋಗಲಿಲ್ಲ. ಮತ್ತೆ ಕಳಿಸಿದೆ. ಹೋಗಲಿಲ್ಲ. ನಂಬರಿನ ಬದಲು ಹೆಸರಿನಿಂದ ಬರುವ ಮೆಸೇಜಿಗೆ ಉತ್ತರ ಕಳಿಸಲು ಆಗುವುದೇ ಇಲ್ಲ, ಉತ್ತರಕ್ಕೆ ಬೇರೆ ನಂಬರ್ ಬೇಕು. ಅದು ಕ್ಲಿನಿಕ್ಕಿನವರಿಗೂ ಹೊಳೆದಿರಲಿಲ್ಲ! ಕೊನೆಗೆ ಸಿಸ್ಟರ್ ಹತ್ತಿರ ಇದ್ದ ಕ್ಲಿನಿಕ್ ಫೋನಿನ ನಂಬರ್ ಕೊಟ್ಟರು. ಆ ನಂಬರಿಗೂ ಹೋಗಲಿಲ್ಲ. ನಾನು ಹಾಕಿಸಿದ್ದ ಅಗ್ಗದ ರೀಚಾರ್ಜಿನಲ್ಲಿ ಎಸ್ಸೆಮ್ಮೆಸ್ಸೇ ಇರಲಿಲ್ಲ. ಸೇರುವ ಮೊದಲೇ ಈ ಎರಡನ್ನೂ ನೋಡಿಕೊಳ್ಳಿ: ಉತ್ತರ ಯಾವ ನಂಬರಿಗೆ, ನಿಮ್ಮ ಪ್ಯಾಕಿನಲ್ಲಿ ಎಸ್ಸೆಮ್ಮೆಸ್ ಇದೆಯಾ. ಒಮ್ಮೆ ಕ್ಲಿನಿಕ್ಕಿನಲ್ಲೇ ನಿಂತು ಕಳಿಸಿ, ಬಂತಾ ಅಂತ ಕೇಳಿ, ಆಮೇಲೆ ಮನೆಗೆ ಬನ್ನಿ.

ಆದರೆ ಈ ಗೋಜಲಿನಿಂದಲೇ ನನಗೆ ಲಾಭವಾಯಿತು ಅನ್ನಬೇಕು. ಉತ್ತರ ಕಂಪ್ಯೂಟರಿಗೆ ಹೋಗದೆ ಸಿಸ್ಟರ್ ಕೈಗೆ ಹೋಗತೊಡಗಿತು. ಅವರು ಓದಿ ಒಂದು ಸಾಲು ಬರೆಯುತ್ತಿದ್ದರು. ‘ಅರ್ಧ ಕೆಜಿ ಇಳೀತು. ಏನು ಬಿಟ್ರಿ?’ ನಾನು ‘ಮೆಣಸಿನಕಾಯಿ ಎರಡರ ಬದಲು ಒಂದು’ ಅಂತ ಬರೆಯುತ್ತಿದ್ದೆ. ಬುಧವಾರ, ಶುಕ್ರವಾರದ ಬುದ್ಧಿಮಾತುಗಳಲ್ಲಿ ಅರ್ಧ ನನಗೆ ನೆನಪಿಲ್ಲ. ಸೋಮವಾರ ಯಾರೋ ಕೇಳುತ್ತಾರೆ, ಓದುತ್ತಾರೆ ಅನ್ನೋದು ಮಾತ್ರ ಭಾನುವಾರ ರಾತ್ರಿಯೇ ನೆನಪಾಗುತ್ತಿತ್ತು. ಎರಡನೇ ಸಲ ಅನ್ನಕ್ಕೆ ಕೈ ಚಾಚಿದರೆ ಸಿಸ್ಟರ್ ಮುಖ ಕಣ್ಣ ಮುಂದೆ ಬರುತ್ತಿತ್ತು.

ಬೆಳಿಗ್ಗೆ ಕುಂದವಾಡ ಕೆರೆ ಕಡೆ ನಡೆಯಲು ಶುರು ಮಾಡಿದೆ. ಶೂ 1,300. ಮೊದಲ ವಾರ ಮಂಡಿ ಹಿಡಿದುಕೊಂಡಿತು. ಮೇಡಂ ಹತ್ತು ನಿಮಿಷಕ್ಕೆ ಇಳಿಸಿ, ವಾರಕ್ಕೆ ಐದೈದು ನಿಮಿಷ ಜಾಸ್ತಿ ಮಾಡಿಸಿದರು. ಜುಲೈ ಕೊನೆಗೆ ನಾಗರ ಪಂಚಮಿ. ನಮ್ಮ ಕಡೆ ಪಂಚಮಿ ಅಂದರೆ ಉಂಡೆ: ಶೇಂಗಾ, ಎಳ್ಳು, ರವೆ, ತಂಬಿಟ್ಟು. ಬುಧವಾರ ಮೆಸೇಜ್ ಬಂತು: ‘ಉಂಡೆ ತಿನ್ನಿ. ದಿನಕ್ಕೆ ಒಂದು. ಡಬ್ಬಿ ಕೈಗೆ ಸಿಗದ ಕಡೆ ಇಡಿ.’ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಅತ್ತೆ ಮಗನ ಕೈಲಿ ಇಳಿಸಿದರು. ಆ ವಾರ 400 ಗ್ರಾಂ ಏರಿತು.

ಆಗಸ್ಟ್‌ನಲ್ಲಿ ಆ ಖಾಲಿ ಬಿಟ್ಟ ಪ್ರಶ್ನೆ ಬಂದು ಕಾಡಿತು. ನನ್ನ ಫೋನು ಹೊಲಿಗೆ ಟೇಬಲ್ಲಿನ ಮೇಲೇ ಬಿದ್ದಿರುತ್ತದೆ. ಬ್ಲೌಸಿನ ಡಿಸೈನ್ ತೋರಿಸಲು ಗಿರಾಕಿಗಳ ಕೈಗೂ ಕೊಡುತ್ತೇನೆ. ಒಬ್ಬಳು ಡಿಸೈನ್ ನೋಡುತ್ತಿದ್ದಾಗ ಮೇಲೆ ಮೆಸೇಜ್ ಬಂತು. ‘ಅಕ್ಕಾ, ನಿಮ್ಮ ಹೊಟ್ಟೆ ಸುತ್ತಳತೆ ಕಳಿಸಬೇಕಂತೆ’ ಅಂತ ಎಲ್ಲರಿಗೂ ಕೇಳುವ ಹಾಗೆ ಓದಿದಳು. ಅವಳದೇನೂ ತಪ್ಪಿಲ್ಲ. ಆದರೂ ಆ ದಿನ ಅವಳ ತೋಳು ಒಂದಿಂಚು ಬಿಗಿಯಾಗಿ ಹೊಲಿದುಬಿಟ್ಟೆ, ಆಮೇಲೆ ಬಿಚ್ಚಬೇಕಾಯಿತು. ಮಗನೂ ‘ಅಮ್ಮ, ಎಪ್ಪತ್ತಾರು’ ಅಂತ ಆಡಿಕೊಳ್ಳಲು ಶುರು ಮಾಡಿದ್ದ.

ಗುಟ್ಟಾಗಿರಲಿ ಅಂತ ಮೆಸೇಜನ್ನು ಅತ್ತೆಯ ಹಳೇ ಕೀಪ್ಯಾಡ್ ಫೋನಿಗೆ ಬದಲಾಯಿಸಿಕೊಂಡೆ. ಅದರಲ್ಲಿ ಕನ್ನಡವೇ ಕಾಣಲಿಲ್ಲ, ಬರೀ ಚೌಕ ಚೌಕ. ಒಂದು ವಾರ ಚೌಕ ಓದಿ ವಾಪಸ್ ಬಂದೆ. ಪರಿಹಾರ ತೀರಾ ಸಣ್ಣದಿತ್ತು: ಫೋನಿನ ಸೆಟ್ಟಿಂಗ್‌ನಲ್ಲಿ ಪರದೆಯ ಮೇಲೆ ಮೆಸೇಜಿನ ಒಳಗಿನ ಮಾತು ಕಾಣದಂತೆ ಮಾಡುವುದು, ಸಮಯವನ್ನು ಅಂಗಡಿ ತೆರೆಯುವ ಮೊದಲಿಗೆ ಇಡಿಸುವುದು.

ಈಗ ಹೇಳಲು ನಾಚಿಕೆಯಾಗುವ ಭಾಗ. ದಸರಾ, ದೀಪಾವಳಿ ಅಂದರೆ ಟೈಲರ್‌ಗಳಿಗೆ ನಿದ್ದೆ ಇಲ್ಲ. ರಾತ್ರಿ ಹನ್ನೆರಡರವರೆಗೆ ಹೊಲಿಗೆ, ನಡುವೆ ಚಹಾ, ಚಹಾಕ್ಕೆ ಜೊತೆ ಏನಾದರೂ. ನಡಿಗೆ ನಿಂತೇ ಹೋಯಿತು. ಸೆಪ್ಟೆಂಬರ್‌ನಲ್ಲಿ 75.6ಕ್ಕೆ ಇಳಿದಿದ್ದವಳು ಅಕ್ಟೋಬರ್‌ನಲ್ಲಿ 76.4. ಸೋಮವಾರ ಬೆಳಿಗ್ಗೆ ಬೆರಳು ತಾನೇ ತಾನಾಗಿ 75.2 ಅಂತ ಒತ್ತಿತು. ಸಿಸ್ಟರ್ ‘ಭೇಷ್!’ ಅಂತ ಕಳಿಸಿದರು. ಮುಂದಿನ ವಾರ 75. ಮತ್ತೆ ಭೇಷ್. ಸುಳ್ಳು ಹೇಳಿದ ಮೇಲೆ ಅದಕ್ಕೆ ತಕ್ಕ ಹಾಗೆ ಇಳಿಸುತ್ತಾ ಹೋಗಬೇಕಲ್ಲ!

ದೀಪಾವಳಿ ಮುಗಿದ ಮೇಲೆ ಕ್ಲಿನಿಕ್ಕಿಗೆ ಹೋಗಲೇಬೇಕಿತ್ತು. ಹೋಗೋದು ಬಿಟ್ಟುಬಿಡೋಣ ಅಂತಲೂ ಅನ್ನಿಸಿತ್ತು. ಬಹಳ ಜನ ಅಲ್ಲೇ ಬಿಟ್ಟರಂತೆ. ಮಷಿನ್ನು 76.8 ತೋರಿಸಿತು. ಈ ಸಲ ಸಿಸ್ಟರ್ ಜೋರಾಗಿ ಓದಲಿಲ್ಲ. ಮೇಡಂ ಎದುರಿಗೆ ‘ಮನೆ ಮಷಿನ್ನು ಬೇರೆ ತೋರಿಸುತ್ತೆ ಮೇಡಂ’ ಅಂದೆ. ಸ್ವಲ್ಪ ಬೇರೆ ತೋರಿಸುವುದು ನಿಜವೇ. ನನ್ನದಕ್ಕೂ ಅವರದಕ್ಕೂ 300 ಗ್ರಾಂ ವ್ಯತ್ಯಾಸ. ಎರಡು ಕೆಜಿ ಅಲ್ಲ. ಅವರು ಬೈಯಲಿಲ್ಲ. ‘ನೀನು ಇಳಿದಿದೀಯ ಅಂತ ನಾನು ಇದೇ ಲೆಕ್ಕ ಮುಂದುವರಿಸಿದ್ದೆ. ಏರಿದೆ ಅಂದಿದ್ರೆ ಆ ವಾರವೇ ಫೋನ್ ಮಾಡ್ತಿದ್ದೆ, ಹೊಲಿಗೆ ಜಾಸ್ತಿ ಇರೋ ದಿನಕ್ಕೆ ಬೇರೆ ಏನಾದ್ರೂ ಹೇಳ್ತಿದ್ದೆ’ ಅಂದರು. ಕಣ್ಣಲ್ಲಿ ನೀರು ಬಂತು. ಆಮೇಲೆ ಒಂದು ಒಪ್ಪಂದ ಮಾಡಿಕೊಂಡೆವು. ಅಂಕಿ ಕಳಿಸಲು ಮನಸ್ಸಿಲ್ಲದ ವಾರ ಬರೀ ‘ಕಷ್ಟ’ ಅಂತ ಕಳಿಸಬೇಕು. ಎರಡಕ್ಷರ. ಫೋನಿನ ಲೆಕ್ಕದಲ್ಲಿ ನಾಲ್ಕು.

ಮನೆಯಲ್ಲಿ ತೂಕ ನೋಡುವವರಿಗೆ: ವಾರಕ್ಕೆ ಒಂದೇ ಸಲ, ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಅದೇ ಗಟ್ಟಿ ನೆಲದ ಮೇಲೆ. ಚಾಪೆ ಮೇಲೆ ಇಟ್ಟರೆ ಲೆಕ್ಕ ತಪ್ಪುತ್ತದೆ. ದಿನಾ ನೋಡಿ ದಿನಾ ಬೇಜಾರಾಗಬೇಡಿ.

ನವೆಂಬರ್‌ನಲ್ಲಿ ಎರಡು ಸಲ ‘ಕಷ್ಟ’ ಕಳಿಸಿದೆ. ಒಂದು, ಮದುವೆ ಮನೆಯ ವಾರ. ಇನ್ನೊಂದು, ಚಿಕ್ಕಮ್ಮ ತೀರಿಕೊಂಡಾಗ. ಮಣ್ಣಿಗೆ ಹೋಗಿ ಬರುವಾಗ ಫೋನ್ ಗುಂಯ್ ಅಂತು. ‘ಇವತ್ತು ಅರ್ಧ ಗಂಟೆ ನಡೆದ್ರಾ?’ ಆ ಕಂಪ್ಯೂಟರಿಗೆ ಏನು ಗೊತ್ತು. ಬಿಸಿಲಲ್ಲಿ ಅಷ್ಟು ದೂರ ನಡೆದೇ ಬಂದಿದ್ದೆ. ‘ಹೌದು’ ಅಂತ ಕಳಿಸಿ ಅಳುತ್ತಾ ನಕ್ಕೆ. ಎರಡನೆಯ ‘ಕಷ್ಟ’ಕ್ಕೆ ಸಿಸ್ಟರ್ ಮೆಸೇಜ್ ಮಾಡಲಿಲ್ಲ, ಫೋನನ್ನೇ ಮಾಡಿದರು. ತೂಕದ ಮಾತು ಎತ್ತಲಿಲ್ಲ.

ಡಿಸೆಂಬರ್ ಕೊನೆಗೆ ಆರು ತಿಂಗಳು ಮುಗಿಯಿತು. ತೂಕ 73.1. ಐದು ಕೆಜಿ 300 ಗ್ರಾಂ. ಸೊಂಟ ಮೂವತ್ತಾರು. ಎಚ್‌ಬಿಎ1ಸಿ 5.8, ಹೊಸ್ತಿಲ ಮೇಲೇ ಇದ್ದೇನೆ, ಆದರೆ ಒಂದು ಕಾಲು ಹೊರಗಿಟ್ಟಿದ್ದೇನೆ. ಮೆಟ್ಟಿಲು ಹತ್ತುವಾಗ ಮಂಡಿ ಸದ್ದಿಲ್ಲ. ಬಿಎಂಐ ಇನ್ನೂ 30ರ ಮೇಲೇ, ನೋಡಿದವರು ಯಾರೂ ‘ಸಣ್ಣ ಆಗಿದೀರ’ ಅಂದಿಲ್ಲ. ನನ್ನ ಬ್ಲೌಸುಗಳನ್ನು ಮಾತ್ರ ಎರಡು ಸಲ ಒಳಗೆ ಹಿಡಿದು ಹೊಲಿದೆ. ಅದು ನನಗೆ ಗೊತ್ತು.

ಖರ್ಚು ಕೇಳುವವರಿಗೆ: ಡಾಕ್ಟರ್ ಫೀಸು ಮೊದಲ ಸಲ 300, ಆಮೇಲೆ ಐದು ಸಲ 200ರಂತೆ, ಒಟ್ಟು 1,300. ಪರೀಕ್ಷೆ 1,850, ಕೊನೆಯಲ್ಲಿ ಸಕ್ಕರೆಯದು ಮತ್ತೆ 450. ತೂಕದ ಮಷಿನ್ನು 1,150, ಶೂ 1,300, ಮೆಸೇಜಿಗೆ 600. ಎಲ್ಲಾ ಸೇರಿ 6,650. ರೀಚಾರ್ಜ್ ಬೇರೆ. ಸಂಜೆಯ ಮೆಣಸಿನಕಾಯಿಯಲ್ಲಿ ಉಳಿಸಿದ್ದನ್ನು ಕಳೆದಿಲ್ಲ.

ಜನವರಿಯ ಮೊದಲ ಸೋಮವಾರ ಏಳೂವರೆಗೆ ಫೋನ್ ಕೈಯಲ್ಲಿ ಹಿಡಿದು ಕೂತಿದ್ದೆ. ಮೆಸೇಜ್ ಇಲ್ಲ, ಮುಗಿದಿದೆಯಲ್ಲ. ಎಂಟಾಯಿತು. ಮಷಿನ್ ಮೇಲೆ ನಿಂತು, ಯಾರೂ ಕೇಳದೇ ಇದ್ದರೂ ‘73.4’ ಅಂತ ಕ್ಲಿನಿಕ್ ನಂಬರಿಗೆ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಫೋನ್ ಗುಂಯ್ ಅಂತು.

‘ಬಂತು ಅಕ್ಕಾ. ನಿನ್ನೆ ಬೆಣ್ಣೆ ದೋಸೆ ಎಷ್ಟು?’

ಎರಡು ಅಂತ ಬರೆದೆ. ಮೂರು ತಿಂದಿದ್ದೆ. ಕಳಿಸುವ ಮೊದಲು ಅಳಿಸಿ ಮೂರು ಅಂತ ಮಾಡಿದೆ.